ಬೆಳೆಯದ ಬೆಳೆಗೆ ಬೆಲೆ

ಉತ್ತು ಬಿತ್ತಿ ಬೆಳೆದವನಿಗೆ ಫಲ ದೊರೆಯುವುದು ಲೋಕರೂಢಿ. ಬಿತ್ತಬೇಡ, ಬಿತ್ತಿದ್ದರೆ ಕಿತ್ತುಹಾಕು, ಹಾಗೆ ಮಾಡಿದರೆ ಕೈಗೆ ಹಣ ಕೊಡುತ್ತೇವೆ ಎಂದು ಸರಕಾರವೇ ರೈತನ ಮನೆಬಾಗಿಲಿಗೆ ಬಂದು ಹೇಳಿದುದುಂಟೆ? ಉಂಟು. 1933ರ ಬೇಸಗೆಯಲ್ಲಿ ಅಮೆರಿಕಾ ಸಂಯುಕ್ತ ಸಂಸ್ಥಾನದಲ್ಲಿ ಇದು ನಡೆಯಿತು. ಆ ಹಣ ಯಾರ ಕೈಯಿಂದ ಹೊರಟಿತು, ಯಾರ ಕೈಗೆ ಸೇರಿತು, ನಡುದಾರಿಯಲ್ಲಿ ಎಲ್ಲಿ ನಿಂತಿತು ಎಂಬುದನ್ನು ಒಂದು ಹಳ್ಳಿಗಾಡಿನ ಕೌಂಟಿಯನ್ನು ಮುಂದಿಟ್ಟುಕೊಂಡು ನೋಡೋಣ. ಕೌಂಟಿಯೆಂದರೆ ಅಲ್ಲಿನ ಆಡಳಿತದ ಒಂದು ವಿಭಾಗ. ನಮ್ಮ ತಾಲ್ಲೂಕಿಗೂ ಜಿಲ್ಲೆಗೂ ನಡುವಣ ಗಾತ್ರದ್ದೆಂದು ತಿಳಿದರೆ ಸದ್ಯಕ್ಕೆ ಸಾಕು.

ಸರಕಾರ ರೈತನಿಗೆ ನೆರವು ಕೊಡುವುದು ನಮಗೇನೂ ಹೊಸದಲ್ಲ. ನಮ್ಮ ಶಾಸನಗಳನ್ನು ಓದಿದವರಿಗೆ ‘ಬಿತ್ತುವಟ್ಟ’, ‘ಕಟ್ಟುಗೊಡಗೆ’ ಎಂಬ ಮಾತುಗಳು ಪರಿಚಿತವಾದುವು. ಕೆರೆ ಕಟ್ಟಿಸಿದವನಿಗೆ, ಕೆರೆಯನ್ನು ಕಾಪಾಡುವವನಿಗೆ ಭೂಮಿಯನ್ನೋ ಬೆಳೆಯ ಪಾಲನ್ನೋ ಬಿಟ್ಟುಕೊಡುವ ಪದ್ಧತಿ ಅದು. ಬ್ರಿಟಿಷರ ಆಳ್ವಿಕೆಯಲ್ಲಿ 1883 ಮತ್ತು 1884ರ ಕಾಯಿದೆಗಳಿಂದ ನೆಲೆಗೊಂಡ ತಕ್ಕಾವಿಯೂ ಒಂದು ನೆರವೇ, ಆದರೆ ಅದು ಸಾಲ, ತೀರಿಸಲೇಬೇಕು. ಇನ್ನು ಇಂದು ಹಳ್ಳಿಹಳ್ಳಿಯ ಬಾಯಲ್ಲೂ ಇರುವ ‘ಸಬ್ಸಿಡಿ’ ಎಂಬ ಶಬ್ದದ ಮೂಲವೇ ಬೇರೆ. ಲ್ಯಾಟಿನ್ ಭಾಷೆಯಲ್ಲಿ ಅದರ ಮೂಲರೂಪಕ್ಕೆ, ಯುದ್ಧದಲ್ಲಿ ಮುಂಚೂಣಿಯ ಹಿಂದೆ ಕಾದಿಟ್ಟ ಪಡೆ ಎಂದು ಅರ್ಥ. ಮೈಸೂರಿನ ಇತಿಹಾಸದಲ್ಲಿ ಈ ಶಬ್ದ ತಲೆಕೆಳಗಾಗಿಯೇ ಪ್ರವೇಶಿಸಿತು. 1799ರ ಒಪ್ಪಂದದಂತೆ ನಮ್ಮ ಸಂಸ್ಥಾನವೇ ಕಂಪೆನಿ ಸರಕಾರಕ್ಕೆ ವರ್ಷಕ್ಕೆ 7 ಲಕ್ಷ ವರಹಗಳ ‘ಸಬ್ಸಿಡಿ’ಯನ್ನು ತೆರಬೇಕಾಗಿತ್ತು. ಮೇಲಕ್ಕೆ ಹೋಗುತ್ತಿದ್ದ ಹಣದ ಹೆಸರು ಈಗ ಕೆಳಕ್ಕೆ ಬರುವ ಹಣಕ್ಕೆ ನಿಂತಿದೆ. ಶಬ್ದಗಳಿಗೂ ಋಣಾನುಬಂಧವಿರುತ್ತದೆ. ಇರಲಿ, ಪ್ರಕೃತಕ್ಕೆ ಬರೋಣ.

ಮೊದಲನೆಯ ಮಹಾಯುದ್ಧದ ಕಾಲದಲ್ಲಿ ಅಮೆರಿಕದ ರೈತನ ಬೆಳೆಗೆ ಒಳ್ಳೆಯ ಗಿರಾಕಿಯಿದ್ದಿತು. ಅವನು ಸಾಲ ಮಾಡಿ ನೆಲ ಕೊಂಡನು, ಯಂತ್ರ ಕೊಂಡನು. ಯುದ್ಧ ಮುಗಿದ ಮೇಲೆ ಗಿರಾಕಿ ಹೋಯಿತು, ಸಾಲ ಉಳಿಯಿತು. 1929ರಲ್ಲಿ ಪೌಂಡಿಗೆ 16–17 ಸೆಂಟು ಇದ್ದ ಹತ್ತಿಯ ಧಾರಣೆ 1932ರ ಸುಮಾರಿಗೆ 6 ಸೆಂಟಿನ ಆಸುಪಾಸಿಗೆ ಕುಸಿಯಿತು. ಬೆಲೆ ಇಳಿದಾಗ ರೈತ ಏನು ಮಾಡುತ್ತಾನೆ? ಅದೇ ಹಣ ಹುಟ್ಟಬೇಕಾದರೆ ಇನ್ನಷ್ಟು ಬೆಳೆಯಬೇಕು ಎಂದುಕೊಳ್ಳುತ್ತಾನೆ. ಎಲ್ಲರೂ ಹಾಗೆಯೇ ಎಂದುಕೊಂಡರೆ ಬೆಲೆ ಇನ್ನಷ್ಟು ಇಳಿಯುತ್ತದೆ. ಒಬ್ಬೊಬ್ಬನ ಮಟ್ಟಿಗೆ ವಿವೇಕವಾದುದು ಎಲ್ಲರೂ ಕೂಡಿದಾಗ ಅವಿವೇಕವಾಗುವ ಈ ತೊಡಕನ್ನು ಬಿಡಿಸಲು ಸರಕಾರವೇ ನಡುವೆ ಬರಬೇಕೆಂಬ ವಾದ ಬಲವಾಯಿತು.

1933ರ ಮಾರ್ಚಿಯಲ್ಲಿ ರೂಸ್‌ವೆಲ್ಟ್ ಅಧ್ಯಕ್ಷನಾದನು. ಮೇ 12ರಂದು ವ್ಯವಸಾಯ ಹೊಂದಾಣಿಕೆಯ ಕಾಯಿದೆಗೆ ಅವನ ರುಜು ಬಿದ್ದಿತು. ಕಾಯಿದೆಯ ಆಶಯವನ್ನು ಸುಲಭವಾಗಿಯೇ ಹೇಳಬಹುದು. 1909ರಿಂದ 1914ರವರೆಗಿನ ಐದು ವರ್ಷಗಳಲ್ಲಿ ರೈತ ಮಾರುವ ಪದಾರ್ಥಕ್ಕೂ ಅವನು ಕೊಳ್ಳುವ ಪದಾರ್ಥಕ್ಕೂ ಬೆಲೆಯಲ್ಲಿ ಒಂದು ಸಮತೂಕವಿದ್ದಿತು. ಅದನ್ನು ಮತ್ತೆ ತರಬೇಕು. ಇದಕ್ಕೆ ಅವರು ‘ಪ್ಯಾರಿಟಿ’ ಎಂದರು. ನಾವು ‘ಸಮಬೆಲೆ’ ಎನ್ನಬಹುದು. ಗೋಧಿ, ಹತ್ತಿ, ಮುಸುಕಿನ ಜೋಳ, ಹಂದಿ, ಬತ್ತ, ಹೊಗೆಸೊಪ್ಪು, ಹಾಲು, ಈ ಏಳು ಮೊದಲು ಪಟ್ಟಿಗೆ ಸೇರಿದುವು. ಬೇಸಾಯದ ವಿಸ್ತಾರವನ್ನು ತಗ್ಗಿಸಲು ಒಪ್ಪಿಕೊಂಡ ರೈತನಿಗೆ ಸರಕಾರ ಹಣ ಕೊಡುತ್ತದೆ. ಆ ಹಣವೆಲ್ಲಿಂದ? ಹತ್ತಿಯನ್ನು ನೂಲುವ, ಗೋಧಿಯನ್ನು ಬೀಸುವ ಗಿರಣಿಗಳ ಮೇಲೆ ಹಾಕಿದ ತೆರಿಗೆಯಿಂದ.

ಕಾಯಿದೆ ಬರುವ ವೇಳೆಗೆ ಹತ್ತಿ ಆಗಲೇ ಮೊಳೆತು ನಿಂತಿದ್ದಿತು. ಆದುದರಿಂದ ಮೊದಲ ವರ್ಷ ಬಿತ್ತಬೇಡಿ ಎನ್ನುವ ಕಾಲ ಮೀರಿ, ಕೀಳಿರಿ ಎನ್ನಬೇಕಾಯಿತು. ಇಳುವರಿಯ ಅಂದಾಜಿನ ಮೇಲೆ ಎಕರೆಗೆ 7ರಿಂದ 20 ಡಾಲರುಗಳವರೆಗೆ ದರ ಗೊತ್ತಾಯಿತು. ಟೆಕ್ಸಾಸಿನ ನ್ಯೂಸೆಸ್ ಕೌಂಟಿಯ ಒಬ್ಬ ರೈತ 47 ಎಕರೆ ಹತ್ತಿಯನ್ನು ಉತ್ತುಹಾಕಿ 517 ಡಾಲರುಗಳ ಮೊದಲನೆಯ ಚೆಕ್ಕನ್ನು ಪಡೆದನು. ಆ ಬೇಸಗೆಯಲ್ಲಿ ದಕ್ಷಿಣದ ರಾಜ್ಯಗಳಲ್ಲೆಲ್ಲ ಸೇರಿ ಸುಮಾರು 1 ಕೋಟಿ ಎಕರೆಯಷ್ಟು ಪೈರು ಮಣ್ಣುಪಾಲಾಯಿತು. ಬಿತ್ತಿದ ನೆಲದಲ್ಲಿ ಇದು ನಾಲ್ಕರಲ್ಲೊಂದು ಪಾಲು. ಸಾಲುಗಳ ನಡುವೆ ಮಾತ್ರ ಕಾಲಿಡಬೇಕು, ಪೈರನ್ನು ತುಳಿಯಬಾರದು ಎಂದು ವರ್ಷಗಟ್ಟಲೆ ಪಳಗಿಸಿದ್ದ ಹೇಸರಗತ್ತೆಗಳು ಸಾಲಿನ ಮೇಲೆ ನಡೆಯಲು ಒಪ್ಪಲಿಲ್ಲವೆಂದು ಆ ಕಾಲದವರು ಹೇಳುತ್ತಿದ್ದರು. ಬೆಳೆದು ನಿಂತ ಪೈರನ್ನು ಹಾಳುಮಾಡಬೇಕಾಗಿ ಬಂದುದು ನಾಗರಿಕತೆಗೇ ಕಳಂಕವೆಂಬ ಅರ್ಥದ ಮಾತನ್ನು ಅಂದಿನ ಕೃಷಿಮಂತ್ರಿ ಹೆನ್ರಿ ವ್ಯಾಲೆಸನೇ ಮರುವರ್ಷ ಬರೆದನು. ಅದೇ ವರ್ಷ ಅರುವತ್ತು ಲಕ್ಷದಷ್ಟು ಹಂದಿಮರಿಗಳನ್ನೂ ಕೊಲ್ಲಿಸಿದರು. ಊರುಗಳಲ್ಲಿ ಜನ ಅನ್ನಕ್ಕಾಗಿ ಸಾಲು ನಿಂತಿದ್ದ ಕಾಲವದು. ಓದುಗರಿಗೆ ಅಸಹ್ಯವೆನಿಸಿದರೆ ಅಂದಿನ ಅಮೆರಿಕನ್ನರಲ್ಲಿ ಅನೇಕರಿಗೂ ಹಾಗೆಯೇ ಅನ್ನಿಸಿತು.

ಆದರೂ ಬೆಲೆ ಏರಿತೆಂಬುದನ್ನು ಮರೆಯಬಾರದು. ಹತ್ತಿ 10 ಸೆಂಟಿನ ಸುಮಾರಿಗೆ ಬಂದಿತು. ಸ್ವಂತ ನೆಲವಿದ್ದ ಅನೇಕ ಸಣ್ಣ ರೈತರ ಹೊಲಗಳು ಹರಾಜಿನಿಂದ ಉಳಿದುವು. ಸ್ವಂತ ನೆಲವಿದ್ದವರ ಮಾತು ಇದು. ನೆಲವಿಲ್ಲದವರ ಕಥೆ ಬೇರೆ. ಅದನ್ನು ಹೇಳುವುದಕ್ಕೆಂದೇ ಈ ಲೇಖನ.

ಅರ್ಕನ್ಸಾ ರಾಜ್ಯದ ಪೂರ್ವಭಾಗದಲ್ಲಿ ಪಾಯಿನ್ಸೆಟ್ ಎಂಬ ಕೌಂಟಿಯಿದೆ. ಮಿಸಿಸಿಪಿ ನದಿಯ ಬಯಲುಸೀಮೆಯ ನೆಲ; ಕಾಡು ಕಡಿದು, ಜೌಗು ಬಸಿದು ಹತ್ತಿಯ ತೋಟಗಳನ್ನು ಎಬ್ಬಿಸಿದ್ದರು. ತೋಟವೆಂದರೆ ಸಾವಿರಾರು ಎಕರೆ. ದುಡಿಯುತ್ತಿದ್ದವರು ‘ಶೇರ್‌ಕ್ರಾಪರ್’ ಎಂಬ ಪಾಲುಗಾರ ಒಕ್ಕಲುಗಳು. ನಮ್ಮಲ್ಲಿ ಕೆಲವು ಕಡೆ ‘ವಾರಕ್ಕೆ ಮಾಡುವುದು’ ಎಂದೂ ಕೆಲವು ಕಡೆ ‘ಕೋರು’ ಎಂದೂ ಹೇಳುವ ಪದ್ಧತಿಯನ್ನು ನೆನೆದರೆ ಅವರ ಸ್ಥಿತಿ ಅರ್ಥವಾದೀತು. ನೆಲ, ಗುಡಿಸಲು, ಬೀಜ, ಹೇಸರಗತ್ತೆ, ನೇಗಿಲು ಎಲ್ಲವೂ ಧಣಿಯವು; ಮೈಯ ದುಡಿಮೆ ಮಾತ್ರ ಒಕ್ಕಲಿನದು. ಬೆಳೆ ಅರ್ಧಕ್ಕರ್ಧ. ಬೆಳೆ ಬರುವವರೆಗೆ ಹೊಟ್ಟೆಗೆ ಧಣಿಯ ಅಂಗಡಿಯಿಂದಲೇ ಹಿಟ್ಟು, ಮಾಂಸ, ಕಾಕಂಬಿ ಸಾಲ. ಲೆಕ್ಕ ಬರೆಯುವವನು ಧಣಿ, ಬಡ್ಡಿ ಗೊತ್ತುಮಾಡುವವನು ಧಣಿ, ಹತ್ತಿಯನ್ನು ತೂಗುವವನೂ ಅವನೇ. ವರ್ಷದ ಕೊನೆಗೆ ಒಕ್ಕಲಿನ ಅರ್ಧಪಾಲು ಆ ಸಾಲದ ಪುಸ್ತಕದೊಳಕ್ಕೆ ಇಳಿದು ಕಾಣದಾಗುತ್ತಿದ್ದಿತು. ಕರಿಯರೂ ಬಿಳಿಯರೂ ಈ ಬದುಕಿನಲ್ಲಿ ಸಮಭಾಗಿಗಳಾಗಿದ್ದರು. ಕರಿಯರಿಗೆ ಇದರ ಮೇಲೆ ವರ್ಣದ್ವೇಷದ ಭಯವೊಂದು ಬೇರೆ.

ಇಂಥ ಊರಿಗೆ ವಾಷಿಂಗ್ಟನ್ನಿನಿಂದ ಕರಾರುಪತ್ರ ಬಂದಿತು. 1934 ಮತ್ತು 1935ನೆಯ ಇಸವಿಗಳ ಹತ್ತಿಯ ಕರಾರಿನ ಪ್ರಕಾರ ಜಮೀನುದಾರ ಹತ್ತಿಯ ನೆಲದಲ್ಲಿ ಸುಮಾರು ನೂರಕ್ಕೆ ನಲವತ್ತರಷ್ಟನ್ನು ಬೀಳುಬಿಡಬೇಕು. ಆ ನೆಲವನ್ನು ಸರಕಾರ ಬಾಡಿಗೆಗೆ ಹಿಡಿದಂತೆ. ಅದರ ಹಿಂದಿನ ಸರಾಸರಿ ಇಳುವರಿಗೆ ಪೌಂಡಿಗೆ ಮೂರೂವರೆ ಸೆಂಟು ಬಾಡಿಗೆ, ಇದು ಜಮೀನುದಾರನಿಗೆ. ಇದಲ್ಲದೆ ಪೌಂಡಿಗೆ 1 ಸೆಂಟು ಸಮಬೆಲೆಯ ಹಣ. ಇದರಲ್ಲಿ ಅರ್ಧ ಜಮೀನುದಾರನಿಗೆ, ಅರ್ಧ ಪಾಲುಗಾರ ಒಕ್ಕಲಿಗೆ. ಈ ಲೆಕ್ಕವನ್ನು ಮಕ್ಕಳಿಗೆ ಕರಿಹಲಗೆಯ ಮೇಲೆ ಹಾಕಿ ತೋರಿಸುವಂತೆ ಹಾಕಿ ನೋಡೋಣ. ಎಕರೆಗೆ 200 ಪೌಂಡು ಇಳುವರಿಯೆನ್ನಿ. ಬಾಡಿಗೆ 7 ಡಾಲರು, ಸಮಬೆಲೆ 2 ಡಾಲರು, ಒಟ್ಟು 9. ಇದರಲ್ಲಿ ಧಣಿಗೆ 8, ಒಕ್ಕಲಿಗೆ 1. ಬೆಳೆ ಬೆಳೆದಿದ್ದರೆ ಅರ್ಧಕ್ಕರ್ಧ. ಬೆಳೆಯದಿದ್ದರೆ ಎಂಟಕ್ಕೆ ಒಂದು! ಆ ಒಂದು ಡಾಲರಾದರೂ ಧಣಿಯ ಮೂಲಕವೇ ಬರಬೇಕಾದ್ದರಿಂದ ಹಳೆಯ ಸಾಲಕ್ಕೆ ಜಮೆಯಾಗುವುದೇ ಹೆಚ್ಚಾಗಿದ್ದಿತು.

ಸ್ವಂತ ಪ್ರಾಣಿ, ಸ್ವಂತ ಉಪಕರಣವಿಟ್ಟುಕೊಂಡು ತನ್ನ ತಿಳಿವಳಿಕೆಯಿಂದಲೇ ಬೇಸಾಯ ನಡಸುವ ಗೇಣಿದಾರನಿಗೆ ಬಾಡಿಗೆಯಲ್ಲೂ ಅರ್ಧ ಸಲ್ಲಬೇಕೆಂದು ಕರಾರಿನಲ್ಲಿದ್ದಿತು. ಪರಿಣಾಮವನ್ನು ನೀವೇ ಊಹಿಸಬಹುದು. ಅಂಥ ಗೇಣಿದಾರನೊಬ್ಬ ತನ್ನಲ್ಲಿದ್ದಾನೆಂದು ಒಪ್ಪಿಕೊಳ್ಳುವ ಜಮೀನುದಾರ ಬಲು ಅಪರೂಪವಾದನು. ಒಬ್ಬ ಮನುಷ್ಯನನ್ನು ಕಾಗದದಲ್ಲಿ ಏನೆಂದು ಕರೆಯುತ್ತೇವೆಂಬುದರ ಮೇಲೆ ಅವನ ಊಟ ನಿಂತಿದ್ದಿತು.

ಕರಾರಿನ ಏಳನೆಯ ಕಲಮು ಇನ್ನೂ ಸ್ವಾರಸ್ಯವಾದುದು. ಬೇಸಾಯದ ನೆಲ ಕಡಮೆಯಾದ ಮೇಲೆ ಒಕ್ಕಲುಗಳು ಬೀದಿಪಾಲಾಗುವರೆಂಬುದು ಸರಕಾರಕ್ಕೆ ತಿಳಿಯದ ವಿಷಯವಾಗಿರಲಿಲ್ಲ. ಆದ್ದರಿಂದ, ಜಮೀನುದಾರನು ವಾಡಿಕೆಯಲ್ಲಿದ್ದಷ್ಟು ಸಂಖ್ಯೆಯ ಒಕ್ಕಲುಗಳನ್ನು ಸಾಧ್ಯವಾದ ಮಟ್ಟಿಗೆ ಇಟ್ಟುಕೊಂಡಿರತಕ್ಕದ್ದು, ಗುಡಿಸಲುಗಳಲ್ಲಿ ಬಾಡಿಗೆಯಿಲ್ಲದೆ ವಾಸಕ್ಕೆ ಬಿಡತಕ್ಕದ್ದು ಎಂದು ಬರೆದರು. ಈ ವಾಕ್ಯಕ್ಕೆ ಎರಡು ಅರ್ಥ ಹುಟ್ಟಿಕೊಂಡುವು. ‘ಅದೇ’ ಒಕ್ಕಲುಗಳನ್ನೋ, ‘ಅಷ್ಟೇ’ ಒಕ್ಕಲುಗಳನ್ನೋ? ಅದೇ ಎಂದರೆ, ಯಾರನ್ನೂ ಹೊರಹಾಕುವಂತಿಲ್ಲ. ಅಷ್ಟೇ ಎಂದರೆ, ಎದುರು ಮಾತನಾಡಿದವನನ್ನು ಓಡಿಸಿ ಅವನ ಜಾಗಕ್ಕೆ ಬಾಯಿಲ್ಲದವನೊಬ್ಬನನ್ನು ತಂದು ಕೂಡಿಸಿದರೂ ಲೆಕ್ಕ ಸರಿಹೋಗುತ್ತದೆ. ಇನ್ನು ‘ಸಾಧ್ಯವಾದ ಮಟ್ಟಿಗೆ’ ಎಂಬ ಮಾತು ಅಂಗಳದ ಬೇಲಿಯಲ್ಲಿ ಬಿಟ್ಟ ಕಿಂಡಿಯಂತೆ. ಯಾವ ದನ ಬೇಕಾದರೂ ನುಗ್ಗಬಹುದು. ವ್ಯಾಕರಣವನ್ನು ಒಣ ವಿದ್ಯೆಯೆಂದು ಹಳಿಯುವವರು ಈ ಕಲಮನ್ನೊಮ್ಮೆ ಓದಬೇಕು.

ದೂರು ಎಲ್ಲಿ ಕೊಡಬೇಕು? ಪ್ರತಿಯೊಂದು ಕೌಂಟಿಯಲ್ಲೂ ಸ್ಥಳೀಯ ರೈತರದೇ ಒಂದು ಸಮಿತಿಯನ್ನು ಮಾಡಿದ್ದರು. ನೆಲ ಅಳೆಯುವುದು, ಇಳುವರಿ ನಿಶ್ಚಯಿಸುವುದು, ಕರಾರು ಪಾಲನೆಯಾಯಿತೆಂದು ಸಹಿ ಹಾಕುವುದು ಸಮಿತಿಯ ಕೆಲಸ. ದೂರದ ರಾಜಧಾನಿಯ ಅಧಿಕಾರಿಗಿಂತ ಊರಿನವನಿಗೆ ಊರು ಚೆನ್ನಾಗಿ ಗೊತ್ತು ಎಂಬುದು ಇದರ ತತ್ತ್ವ. ತತ್ತ್ವವೇನೋ ಒಳ್ಳೆಯದು. ಗೋಧಿ ಬೆಳೆಯುವ ಸೀಮೆಗಳಲ್ಲಿ, ರೈತರೆಲ್ಲ ಹೆಚ್ಚುಕಡಮೆ ಸಮಾನರಾಗಿದ್ದ ಕಡೆ, ಅದು ಚೆನ್ನಾಗಿಯೇ ನಡೆಯಿತು. ಹತ್ತಿಯ ಸೀಮೆಯಲ್ಲಿ ಸಮಿತಿಯೆಂದರೆ ಜಮೀನುದಾರರು. ಒಕ್ಕಲು ಕೊಟ್ಟ ದೂರು ಸುತ್ತಿ ಸುತ್ತಿ ಕೊನೆಗೆ ಧಣಿಯ ಮುಂದೆಯೋ ಧಣಿಯ ನೆಂಟನ ಮುಂದೆಯೋ ಬಂದು ಬೀಳುತ್ತಿದ್ದಿತು.

ಪಾಯಿನ್ಸೆಟ್ ಕೌಂಟಿಯಲ್ಲಿ ಟೈರೋನ್ಜಾ ಎಂಬ ಸಣ್ಣ ಊರು. ಅಲ್ಲಿ ಎಚ್. ಎಲ್. ಮಿಚೆಲ್ ಎಂಬುವನು ಬಟ್ಟೆ ಒಗೆದು ಇಸ್ತ್ರಿ ಮಾಡಿಕೊಡುವ ಅಂಗಡಿಯಿಟ್ಟಿದ್ದನು. ಪಕ್ಕದಲ್ಲಿಯೇ ಕ್ಲೇ ಈಸ್ಟ್ ಎಂಬುವನ ಪೆಟ್ರೋಲ್ ಬಂಕು. ಇಬ್ಬರೂ ಸಮಾಜವಾದಿಗಳು. ಫೇರ್‌ವ್ಯೂ ಎಂಬ ತೋಟದ ಒಡೆಯನಾದ ಹೈರಮ್ ನಾರ್‌ಕ್ರಾಸ್ ತನ್ನ ಒಕ್ಕಲುಗಳಲ್ಲಿ ಕೆಲವು ಕುಟುಂಬಗಳನ್ನು ಬಿಡಿಸಿದ ಸುದ್ದಿ ಬಂದಿತು. 1934ರ ಜುಲೈ ತಿಂಗಳಲ್ಲಿ ಟೈರೋನ್ಜಾದ ಹತ್ತಿರ ಒಂದು ಶಾಲೆಯ ಕಟ್ಟಡದಲ್ಲಿ 11 ಮಂದಿ ಬಿಳಿಯರೂ 7 ಮಂದಿ ಕರಿಯರೂ ಕಲೆತರು. ಸಂಘ ಕಟ್ಟುವುದೆಂದು ನಿಶ್ಚಯವಾಯಿತು. ಆದರೆ ಒಂದು ಸಂಘವೋ, ಬಣ್ಣಕ್ಕೊಂದರಂತೆ ಎರಡೋ? ಐಸಾಕ್ ಷಾ ಎಂಬ ವಯಸ್ಸಾದ ಕರಿಯ ಒಕ್ಕಲು ಎದ್ದು ನಿಂತನು. 1919ರಲ್ಲಿ ಅದೇ ರಾಜ್ಯದ ಇಲೇನ್ ಎಂಬಲ್ಲಿ ಕರಿಯ ಒಕ್ಕಲುಗಳು ಸಂಘ ಕಟ್ಟಲು ಹೋದಾಗ ನಡೆದ ಘೋರ ಕಗ್ಗೊಲೆಯನ್ನು ಕಂಡು ಉಳಿದುಬಂದವನು ಅವನು. ಬೇರೆಬೇರೆಯಾದರೆ ಧಣಿಗಳು ಒಬ್ಬರ ಮೇಲೊಬ್ಬರನ್ನು ಎತ್ತಿಕಟ್ಟುವರು, ಒಂದಾಗಿಯೇ ಇರೋಣ ಎಂಬುದು ಅವನ ಮಾತಿನ ಸಾರ. ದಕ್ಷಿಣದ ಗೇಣಿದಾರ ರೈತರ ಸಂಘ ಹೀಗೆ ಹುಟ್ಟಿತು. ಕರಿಯರೂ ಬಿಳಿಯರೂ ಒಂದೇ ಬೆಂಚಿನ ಮೇಲೆ ಕುಳಿತುಕೊಳ್ಳುವುದೇ ಅಪರಾಧವೆನ್ನುವಂತಿದ್ದ ನಾಡಿನಲ್ಲಿ ಇದು ಅಲ್ಪವಾದ ಸಾಹಸವಲ್ಲ.

ಸಂಘ ನ್ಯಾಯಸ್ಥಾನದ ಮೆಟ್ಟಿಲೇರಿತು. ಕರಾರು ಸರಕಾರಕ್ಕೂ ಜಮೀನುದಾರನಿಗೂ ಆದದ್ದು. ಒಕ್ಕಲು ಅದರಲ್ಲಿ ಪಕ್ಷಗಾರನಲ್ಲ, ಆದ್ದರಿಂದ ಏಳನೆಯ ಕಲಮನ್ನು ಹಿಡಿದು ಕೇಳುವ ಹಕ್ಕು ಅವನಿಗಿಲ್ಲ ಎಂದು ಅರ್ಕನ್ಸಾ ನ್ಯಾಯಸ್ಥಾನದಲ್ಲಿ 1935ರಲ್ಲಿ ತೀರ್ಮಾನವಾಯಿತು. ಅದೇ ವರ್ಷದ ಜನವರಿಯಲ್ಲಿ ವಾಷಿಂಗ್ಟನ್ನಿನ ಕೃಷಿ ಇಲಾಖೆ ಮೇರಿ ಕಾನರ್ ಮೈಯರ್ಸ್ ಎಂಬ ಮಹಿಳಾ ವಕೀಲರನ್ನು ವಿಚಾರಣೆಗೆ ಕಳುಹಿಸಿತು. ಆಕೆ ಊರೂರು ತಿರುಗಿ ಒಕ್ಕಲುಗಳ ಹೇಳಿಕೆಗಳನ್ನು ಬರೆದುಕೊಂಡುಹೋದರು. ಆ ವರದಿಯನ್ನು ಇಲಾಖೆ ಪ್ರಕಟಿಸಲಿಲ್ಲ. ಇಲಾಖೆಯ ಮುಖ್ಯ ಕಾನೂನು ಸಲಹೆಗಾರ ಜೆರೋಮ್ ಫ್ರಾಂಕ್ ಮತ್ತು ಅವನ ಜೊತೆಯ ತರುಣ ವಕೀಲರು, ಏಳನೆಯ ಕಲಮಿಗೆ ‘ಅದೇ ಒಕ್ಕಲುಗಳು’ ಎಂದೇ ಅರ್ಥವೆಂದು ಬರೆದು ಹೊರಡಿಸಿದರು. ಮೇಲಧಿಕಾರಿ ಚೆಸ್ಟರ್ ಡೇವಿಸ್ ಆಗ ಊರಿನಲ್ಲಿರಲಿಲ್ಲ. ಹಿಂದಿರುಗಿದವನೇ ಫೆಬ್ರುವರಿ 5ರಂದು ಫ್ರಾಂಕನನ್ನೂ ಅವನ ಕಡೆಯವರು ಕೆಲವರನ್ನೂ ಕೆಲಸದಿಂದ ತೆಗೆದುಹಾಕಿದನು. ಮಂತ್ರಿ ವ್ಯಾಲೆಸನೂ ಒಪ್ಪಿದನು. ಒಪ್ಪದಿದ್ದರೆ ದಕ್ಷಿಣದ ಸೆನೆಟರುಗಳು ಸರಕಾರದ ಮಸೂದೆಗಳಿಗೆಲ್ಲ ಅಡ್ಡ ನಿಲ್ಲುತ್ತಿದ್ದರು. ಸೆನೆಟಿನಲ್ಲಿ ಸರಕಾರಿ ಪಕ್ಷದ ನಾಯಕನಾಗಿದ್ದ ಜೋಸೆಫ್ ರಾಬಿನ್‌ಸನ್ ಅರ್ಕನ್ಸಾದವನೇ. ವ್ಯಾಲೆಸನ ಕಷ್ಟ ಅರ್ಥವಾಗುವಂಥದು. ಆದರೆ ಕಷ್ಟವೆಲ್ಲ ಅವನದಾಗಿ ನಷ್ಟವೆಲ್ಲ ಒಕ್ಕಲಿನದಾಯಿತು.

ಸಂಘದವರ ಮೇಲೆ ಹೊಡೆತ ಬಡಿತಗಳಾದುವು, ಸಭೆಗಳನ್ನು ಚದುರಿಸಿದರು. ಸಂಘ ತನ್ನ ಕಚೇರಿಯನ್ನು ನದಿಯಾಚೆಯ ಮೆಂಫಿಸ್ ನಗರಕ್ಕೆ ಸಾಗಿಸಬೇಕಾಯಿತು. ಆದರೂ 1935ರ ಸುಗ್ಗಿಯಲ್ಲಿ ಹತ್ತಿ ಬಿಡಿಸುವವರು ಕೆಲಸ ನಿಲ್ಲಿಸಿ ಕೂತರು. ನೂರು ಪೌಂಡಿಗೆ 1 ಡಾಲರು ಕೇಳಿದ್ದರು. ಬಹಳ ಕಡೆ 75 ಸೆಂಟು ದೊರೆಯಿತು.

1936ರ ಜನವರಿ 6ರಂದು ಸರ್ವೋಚ್ಚ ನ್ಯಾಯಾಲಯ ಗಿರಣಿಯ ತೆರಿಗೆ ಸಂವಿಧಾನಕ್ಕೆ ಹೊರತೆಂದು ತೀರ್ಪಿತ್ತಿತು. ಎರಡೇ ತಿಂಗಳಲ್ಲಿ ಹಣ ಬೇರೆ ಹೆಸರಿನಿಂದ ಬಂದಿತು: ಮಣ್ಣು ಕೊಚ್ಚಿಹೋಗದಂತೆ ಕಾಪಾಡುವುದಕ್ಕೆ ಸಹಾಯ. 1938ರಲ್ಲಿ ಮತ್ತೊಂದು ಕಾಯಿದೆ. ಅದರಲ್ಲಿ ಒಕ್ಕಲಿನ ಪಾಲು ಹೆಚ್ಚಿತು. ಇದು ಒಳ್ಳೆಯದಕ್ಕೆ ಮಾಡಿದ್ದೇ. ಆದರೆ ಹೆಚ್ಚಿನ ಪಾಲು ಕೊಡಬೇಕಾದ ಜಮೀನುದಾರ, ಒಕ್ಕಲನ್ನು ಬಿಡಿಸಿ ದಿನಗೂಲಿಗೆ ಹಚ್ಚಿದನು. ಕೂಲಿಯವನಿಗೆ ಸರಕಾರದ ಹಣದಲ್ಲಿ ಪಾಲಿಲ್ಲವಷ್ಟೆ. 1939ರ ಜನವರಿಯ ಕೊರೆಯುವ ಚಳಿಯಲ್ಲಿ ಮಿಸೂರಿ ರಾಜ್ಯದ ದಕ್ಷಿಣದ ಮೂಲೆಯಲ್ಲಿ, 60 ಮತ್ತು 61ನೆಯ ಹೆದ್ದಾರಿಗಳ ಅಂಚಿನಲ್ಲಿ, ಹೀಗೆ ಹೊರಬಿದ್ದ ನೂರಾರು ಸಂಸಾರಗಳು ಹಾಸಿಗೆ, ಒಲೆ, ಕೋಳಿಗಳ ಸಮೇತ ಬಂದು ಕುಳಿತುವು. ಓವೆನ್ ವಿಟ್‌ಫೀಲ್ಡ್ ಎಂಬ ಕರಿಯ ಪಾದ್ರಿ ಅವರ ಮುಂದಾಳು. ರಸ್ತೆಯಲ್ಲಿ ಓಡಾಡುವವರೆಲ್ಲ ನೋಡಲಿ ಎಂಬುದೇ ಅವರ ಉದ್ದೇಶ.

1930ರ ಗಣತಿಯಲ್ಲಿ ದಕ್ಷಿಣ ರಾಜ್ಯಗಳ ಪಾಲುಗಾರ ಒಕ್ಕಲುಗಳು ಸುಮಾರು 7,76,000. 1940ರಲ್ಲಿ 5,41,000. ಹತ್ತು ವರ್ಷದಲ್ಲಿ ಎರಡೂ ಕಾಲು ಲಕ್ಷಕ್ಕೂ ಮಿಕ್ಕಿದ ಸಂಸಾರಗಳು ಲೆಕ್ಕದಿಂದ ಇಳಿದುವು. ಎಲ್ಲವೂ ಸರಕಾರದ ಹಣದಿಂದಲೇ ಆಯಿತೆನ್ನಲಾಗದು. ಬೆಲೆಕುಸಿತ, ಬರ, ಪಟ್ಟಣದ ಸೆಳೆತ ಎಲ್ಲವೂ ಸೇರಿದ್ದುವು. ಆದರೆ ಧಣಿಯ ಕೈಗೆ ಬಂದ ಚೆಕ್ಕು ಟ್ರ್ಯಾಕ್ಟರಾಗಿ ಹೊಲಕ್ಕೆ ಇಳಿಯಿತು. ಟ್ರ್ಯಾಕ್ಟರು ಬಂದಮೇಲೆ ಒಕ್ಕಲು ಬೇಡವಾದನು. ತನ್ನನ್ನು ಹೊರದೂಡಿದ ಯಂತ್ರದ ಬೆಲೆಯಲ್ಲಿ ಅವನು ಬೀಳುಬಿಟ್ಟ ನೆಲದ ಬಾಡಿಗೆಯೂ ಸೇರಿದ್ದಿತು.

ಈ ಕಥೆಯ ಒಂದು ಎಳೆ ನಮ್ಮ ಊರಿಗೂ ಬಂದಿದೆ. ಬೆಲೆಯನ್ನು ಎತ್ತಿಹಿಡಿಯಲು ಸರಕಾರ ರೈತರ ಕಾಳನ್ನು ಒತ್ತೆಯಿಟ್ಟುಕೊಂಡು ಸಾಲ ಕೊಡುತ್ತಿದ್ದಿತು. ಧಾರಣೆ ಏರದಿದ್ದರೆ ರೈತ ಕಾಳನ್ನು ಸರಕಾರಕ್ಕೇ ಬಿಟ್ಟು ಹೋಗಬಹುದು. ಉಗ್ರಾಣಗಳು ತುಂಬಿ ತುಳುಕಿದುವು. ಅದನ್ನು ಹೊರನಾಡುಗಳಿಗೆ ಸಾಗಿಸಲು 1954ರಲ್ಲಿ ಪಿ. ಎಲ್. 480 ಎಂಬ ಕಾಯಿದೆ ಬಂದಿತು; 1956ರಲ್ಲಿ ಭಾರತವೂ ಒಪ್ಪಂದ ಮಾಡಿಕೊಂಡಿತು. ನಮ್ಮ ಹಿರಿಯರು ನ್ಯಾಯಬೆಲೆ ಅಂಗಡಿಯ ಮುಂದೆ ಚೀಲ ಹಿಡಿದು ನಿಂತು ತಂದ ಅಮೆರಿಕಾ ಗೋಧಿಯ ಹಿಂದೆ ಈ ಲೆಕ್ಕಾಚಾರವೆಲ್ಲ ಇದ್ದಿತು.

ಇನ್ನೊಂದು ಎಳೆ ಇನ್ನೂ ಹತ್ತಿರದ್ದು. 2019ರಲ್ಲಿ ಆರಂಭವಾದ ಪಿಎಂ–ಕಿಸಾನ್ ಯೋಜನೆಯಲ್ಲಿ ರೈತಕುಟುಂಬಕ್ಕೆ ವರ್ಷಕ್ಕೆ 6,000 ರೂಪಾಯಿ, ಮೂರು ಕಂತು, ನೇರವಾಗಿ ಬ್ಯಾಂಕಿಗೆ. ನಡುವೆ ಧಣಿಯಿಲ್ಲ, ಅಂಗಡಿಯ ಪುಸ್ತಕವಿಲ್ಲ. ಟೈರೋನ್ಜಾದ ಒಕ್ಕಲು ಕಂಡಿದ್ದರೆ ಅಸೂಯೆಪಡುತ್ತಿದ್ದನು. ಆದರೆ ಆ ನಿಯಮದಲ್ಲಿ ರೈತಕುಟುಂಬವೆಂದರೆ ತನ್ನ ಹೆಸರಿನಲ್ಲಿ ಭೂಮಿಯಿರುವ ಕುಟುಂಬ. ನಮ್ಮ ಪಹಣಿಯಲ್ಲಿ 9ನೆಯ ಕಲಮು ಒಡೆಯನ ಹೆಸರಿಗೆ, 12ನೆಯದು ಸಾಗುವಳಿ ಮಾಡುವವನ ವಿವರಕ್ಕೆ. 1974ರ ಮಾರ್ಚಿ 1ರಿಂದ ಜಾರಿಗೆ ಬಂದ ನಮ್ಮ ಭೂಸುಧಾರಣೆಯ ತಿದ್ದುಪಡಿ ಲಕ್ಷಾಂತರ ಗೇಣಿದಾರರನ್ನು ಒಡೆಯರನ್ನಾಗಿ ಮಾಡಿದ್ದು ದೊಡ್ಡ ಸಂಗತಿ. ಅದೇ ಕಾಯಿದೆ ಹೊಸ ಗೇಣಿಗಳನ್ನು ನಿಷೇಧಿಸಿತು. ಆದರೂ ಪಟ್ಟಣ ಸೇರಿದವರ ಹೊಲಗಳನ್ನು ಬಾಯಿಮಾತಿನ ಮೇಲೆ ಕೋರಿಗೋ ಗುತ್ತಿಗೆಗೋ ಮಾಡುವವರು ಯಾವ ಊರಿನಲ್ಲಿಲ್ಲ? ಕಾನೂನಿನಲ್ಲಿಲ್ಲದ ಗೇಣಿಗೆ ಕಾಗದವಿಲ್ಲ; ಕಾಗದವಿಲ್ಲದ್ದರಿಂದ ಬೆಳೆ ಹೋದ ವರ್ಷದ ಪರಿಹಾರವೂ ಪಹಣಿಯ ಒಡೆಯನ ಖಾತೆಗೆ ಹೋಗುತ್ತದೆ. ಆತ ಸಜ್ಜನನಾದರೆ ಹಂಚಿಕೊಂಡಾನು. ‘ಸಾಧ್ಯವಾದ ಮಟ್ಟಿಗೆ’ ಎಂಬ ಆ ಹಳೆಯ ಮಾತು ಇಲ್ಲಿ ಬರೆಯದೆಯೇ ಇದೆ.

ಅಮೆರಿಕದಲ್ಲಿ ಮುಂದೆ ಏನಾಯಿತೆಂಬುದನ್ನು ಚುಟುಕಾಗಿ ಹೇಳುತ್ತೇನೆ. 1960ರ ದಶಕದಲ್ಲಿ ಮಿಸಿಸಿಪಿಯ ಸನ್‌ಫ್ಲವರ್ ಕೌಂಟಿಯಲ್ಲಿ ಸೆನೆಟರ್ ಜೇಮ್ಸ್ ಈಸ್ಟ್‌ಲೆಂಡನ ತೋಟಕ್ಕೆ ಒಂದೇ ವರ್ಷ ಲಕ್ಷ ಡಾಲರಿಗೂ ಮಿಕ್ಕ ಸಹಾಯಧನ ಸಂದದ್ದು ಬಯಲಾಗಿ ದೊಡ್ಡ ಗುಲ್ಲಾಯಿತು. 1970ರ ಕಾಯಿದೆ ಒಬ್ಬನಿಗೆ ಒಂದು ಬೆಳೆಗೆ 55,000 ಡಾಲರಿಗೆ ಮಿತಿ ಹಾಕಿತು. ಒಡನೆಯೇ ದೊಡ್ಡ ತೋಟಗಳು ಮಕ್ಕಳು ನೆಂಟರ ಹೆಸರಿನಲ್ಲಿ ಕಾಗದದ ಮೇಲೆ ಸಣ್ಣವಾದುವು. ಸಾಲ ಮತ್ತು ಸಹಾಯದಲ್ಲಿ ತಾರತಮ್ಯ ನಡೆದಿದೆಯೆಂದು ಕರಿಯ ರೈತರು ಕೃಷಿ ಇಲಾಖೆಯ ಮೇಲೆ ಹೂಡಿದ ಪಿಗ್‌ಫೋರ್ಡ್ ದಾವೆ 1999ರಲ್ಲಿ ರಾಜಿಯಾಗಿ, ಹೆಚ್ಚಿನವರಿಗೆ ತಲೆಗೆ 50,000 ಡಾಲರು ಗೊತ್ತಾಯಿತು. ಅಷ್ಟು ಹೊತ್ತಿಗೆ ಅವರಲ್ಲಿ ಅನೇಕರ ಹೊಲಗಳು ಕೈಬಿಟ್ಟುಹೋಗಿದ್ದುವು.

ಪಾಯಿನ್ಸೆಟ್ ಕೌಂಟಿಯ ಬಯಲುಗಳಲ್ಲಿ ಈಗ ಬತ್ತವೂ ಸೋಯಾ ಅವರೆಯೂ ಹೇರಳವಾಗಿ ಬೆಳೆಯುತ್ತವೆ. ಒಂದು ಹೊಲದಿಂದ ಇನ್ನೊಂದು ಹೊಲದವರೆಗೆ ಮನೆಗಳು ವಿರಳ. ಟೈರೋನ್ಜಾದಲ್ಲಿ ಮಿಚೆಲನ ಇಸ್ತ್ರಿ ಅಂಗಡಿ, ಈಸ್ಟನ ಪೆಟ್ರೋಲ್ ಬಂಕುಗಳಿದ್ದ ಕಟ್ಟಡವನ್ನು ರಾಜ್ಯದ ವಿಶ್ವವಿದ್ಯಾನಿಲಯವೊಂದು ದುರಸ್ತಿ ಮಾಡಿಸಿ, 2006ರಲ್ಲಿ ಗೇಣಿದಾರ ರೈತರ ವಸ್ತುಸಂಗ್ರಹಾಲಯವನ್ನಾಗಿ ತೆರೆಯಿತು.